ಸದನಕ್ಕೆ ಹೋದ ಸುಳ್ಳು

ಹೆಗ್ಗನಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಂಕಜಾ ಏಳನೇ ತರಗತಿಗೆ ರಾಜ್ಯ ಸರ್ಕಾರದ ಪಾಠ ಮಾಡಿದ್ದು ಜೂನ್‌ನಲ್ಲಿ. ನಾವು ಶಾಸಕರನ್ನು ಆರಿಸುತ್ತೇವೆ, ಅವರು ವಿಧಾನಸಭೆಯಲ್ಲಿ ಪ್ರಶ್ನೆ ಕೇಳುತ್ತಾರೆ, ಮಂತ್ರಿ ಉತ್ತರ ಕೊಡಲೇಬೇಕು ಎಂದು ಹೇಳಿಕೊಟ್ಟರು. ಹಾಗಾದರೆ ನಮ್ಮದೂ ಒಂದು ಪ್ರಶ್ನೆ ಇದೆ ಎಂದವಳು ಚೇತನಾ. ಅವಳ ಅಪ್ಪ ಅಮ್ಮ ಕೊಪ್ಪಳದಿಂದ ಗಾರೆ ಕೆಲಸಕ್ಕೆ ಬಂದವರು.

ಹುಡುಗಿಯರ ಶೌಚಾಲಯಕ್ಕೆ ಎರಡು ವರ್ಷದಿಂದ ನೀರಿರಲಿಲ್ಲ, ಬೀಗ ಹಾಕಿತ್ತು. ಸಂಜೆಯವರೆಗೂ ಅವರು ನೀರು ಕುಡಿಯದೆ ಕೂರುತ್ತಿದ್ದರು. ದೊಡ್ಡ ಹುಡುಗಿಯರು ತಿಂಗಳಿಗೆ ಮೂರು ದಿನ ಬರುತ್ತಲೇ ಇರಲಿಲ್ಲ. ಚೇತನಾ ಅದನ್ನೆಲ್ಲ ಬರೆದಳು, ಇಡೀ ತರಗತಿ ಸಹಿ ಹಾಕಿತು, ಪಂಕಜಾ ಅರ್ಜಿಯನ್ನು ಶಾಸಕರ ಕಚೇರಿಗೆ ಕೊಟ್ಟು ಬಂದರು.

ಮಳೆಗಾಲದ ಅಧಿವೇಶನದಲ್ಲಿ ಶಾಸಕರು ನಿಜವಾಗಿಯೂ ಕೇಳಿದರು. ಉತ್ತರದ ಪ್ರತಿ ಶಾಲೆಗೆ ಬಂತು. ಪಂಕಜಾ ತರಗತಿಯಲ್ಲಿ ಸಂಭ್ರಮದಿಂದ ಓದತೊಡಗಿ ನಡುವೆಯೇ ನಿಲ್ಲಿಸಿದರು. ‘ಸದರಿ ಶಾಲೆಯ ಎಲ್ಲ ಶೌಚಾಲಯಗಳೂ ನೀರಿನ ಸೌಲಭ್ಯದೊಂದಿಗೆ ಸುಸ್ಥಿತಿಯಲ್ಲಿವೆ’ ಎಂದಿತ್ತು.

“ಮಂತ್ರಿಗಳು ಯಾವಾಗ ಬಂದು ನೋಡ್ಯಾರ್ರೀ, ಮಿಸ್?” ಚೇತನಾ ಕೇಳಿದಳು.

ಮಂತ್ರಿ ಬಂದು ನೋಡುವುದಿಲ್ಲ, ಇಲಾಖೆಯನ್ನು ಕೇಳುತ್ತಾರೆ. ಇಲಾಖೆ ಶಿಕ್ಷಣಾಧಿಕಾರಿಯನ್ನು ಕೇಳುತ್ತದೆ, ಅವರು ಶಾಲೆಯನ್ನು. ಇಷ್ಟನ್ನು ವಿವರಿಸುತ್ತಿದ್ದಂತೆ, ಸುಳ್ಳು ಹೋದದ್ದು ತಮ್ಮ ಶಾಲೆಯಿಂದಲೇ ಎಂದು ಪಂಕಜಾಗೆ ಹೊಳೆಯಿತು. ಅವರು ಕಾಗದ ಹಿಡಿದು ನೇರ ಮುಖ್ಯೋಪಾಧ್ಯಾಯ ನಾಗೇಂದ್ರರ ಕೋಣೆಗೆ ಹೋದರು.

ಆ ವರದಿ ಕೊಟ್ಟವರು ತಾವೇ ಎಂಬುದನ್ನು ನಾಗೇಂದ್ರ ಅಲ್ಲಗಳೆಯಲಿಲ್ಲ. ಶಿಕ್ಷಣಾಧಿಕಾರಿಯ ಕಚೇರಿಯಿಂದ ಹನ್ನೊಂದಕ್ಕೆ ಫೋನ್ ಬಂದಿತ್ತಂತೆ, ಹನ್ನೆರಡರೊಳಗೆ ವರದಿ ಬೇಕೆಂದು. ದುರಸ್ತಿಗೆ ಮೂರು ಸಲ ಬರೆದರೂ ಜವಾಬಿಲ್ಲ. ಈಗ ನೀರಿಲ್ಲ ಎಂದರೆ ಯಾಕೆ ಸರಿಪಡಿಸಲಿಲ್ಲ ಎಂದು ತಮಗೇ ನೋಟಿಸ್ ಬರುತ್ತದೆ. ನಿವೃತ್ತಿಗೆ ಇನ್ನು ಒಂದೇ ವರ್ಷ.

“ಸಾರ್, ಆ ಮಕ್ಕಳು ಒದ್ದಾಡೋದನ್ನ ದಿನಾ ನೋಡೋರು ನೀವು. ನೋಡಿದೋರೇ ಸುಳ್ಳು ಬರೆದ್ರೆ ಸರ್ಕಾರಕ್ಕೆ ಯಾರ್ ಸಾರ್ ಹೇಳ್ಬೇಕು?”

ಪಂಕಜಾ ಅಲ್ಲೇ ಕೂತು ನಿಜವಾದ ವರದಿ ಬರೆದು, ಮೊದಲು ತಾವು ಸಹಿ ಮಾಡಿ ನಾಗೇಂದ್ರರ ಮುಂದಿಟ್ಟರು. ಅದನ್ನು ಎರಡು ಸಲ ಓದಿ ಅವರೂ ಸಹಿ ಮಾಡಿ ಶಿಕ್ಷಣಾಧಿಕಾರಿಗೆ ಕಳಿಸಿದರು.

ಆ ವಾರ ಇಬ್ಬರಿಗೂ ನೋಟಿಸ್ ಬಂತು. ಅದರ ಹಿಂದೆಯೇ ನಲ್ಲಿ ರಿಪೇರಿಯವನೂ ಬಂದ. ಒಡೆದಿದ್ದ ಒಂದು ಪೈಪು ಬದಲಿಸಿ, ಮಧ್ಯಾಹ್ನದ ಊಟದ ಬೆಲ್ಲಿಗೆ ಮುಂಚೆ ಕೆಲಸ ಮುಗಿಸಿದ. ಅರ್ಧ ದಿನದ ಕೆಲಸಕ್ಕೆ ಎರಡು ವರ್ಷವೇ ಎಂದು ಪಂಕಜಾಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಚೇತನಾಗೂ ಸಮಾಧಾನವಿಲ್ಲ. ವಿಧಾನಸಭೆಯ ಕಡತದಲ್ಲಿ ಆ ಸುಳ್ಳು ಹಾಗೇ ಉಳಿಯುತ್ತದಲ್ಲ ಎಂಬುದು ಅವಳ ತಕರಾರು. ತಪ್ಪು ಉತ್ತರವನ್ನು ಮಂತ್ರಿ ಸದನದಲ್ಲೇ ತಿದ್ದಬಹುದು ಎಂದು ಪಂಕಜಾ ಹೇಳಿದರು.

“ಹಂಗಾದ್ರ ತಿದ್ದಲೇಬೇಕ್ರೀ,” ಎಂದು ಅವಳು ಸಭಾಧ್ಯಕ್ಷರಿಗೆ ಬರೆಯಲು ಹೊಸ ಹಾಳೆ ತೆಗೆದಳು.