ಮಗ್ಗದ ಕಿಟಕಿಯ ಹಾಡು

"ಸ್ವಲ್ಪ ನಾಚ್ಕೊಂಡಂಗೆ ನೋಡ್ರಿ ಅಕ್ಕಾ, ಅಷ್ಟು ಸಾಕು," ಎಂದ ವಿನೋದ್, ಮೊಬೈಲು ಸಿಕ್ಕಿಸಿದ ಸ್ಟ್ಯಾಂಡನ್ನು ಮಗ್ಗದ ಎದುರಿಗೆ ಸರಿಸುತ್ತ. "ಕಿಟಕಿ ಕಡೆ ನೋಡ್ರಿ. ಅಣ್ಣ ಅಲ್ಲೇ ನಿಂತಿದಾರೆ ಅನ್ಕಳ್ರಿ."

ಶಶಿರೇಖಾ ಕಿಟಕಿಯ ಕಡೆ ನೋಡಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಲಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಅಣ್ಣ ಎನ್ನಿಸಿಕೊಂಡ ಮಾರುತೇಶ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟೀ ಹೀರುತ್ತಿದ್ದ. ಕಪ್ಪು ಬಳಿದ ಮೀಸೆಗೆ ಕೆನೆ ಅಂಟಿಕೊಂಡಿತ್ತು. ಅದನ್ನು ಅವನು ನಾಲಿಗೆ ಚಾಚಿ ಒಳಗೆಳೆದುಕೊಂಡ. ಅವಳು ಮುಖ ಹೊರಳಿಸಿದಳು.

ಅವನು ಹುಟ್ಟಿದ್ದು ಮೊಳಕಾಲ್ಮೂರಿನ ಇದೇ ನೇಕಾರರ ಬೀದಿಯಲ್ಲಿ. ಆಮೇಲೆ ಚಳ್ಳಕೆರೆಗೆ ಹೋಗಿ ಆರ್ಕೆಸ್ಟ್ರಾ ಕಟ್ಟಿದ, ಒಂದು ಪ್ರೇಮಗೀತೆ ಬರೆದು ತಾನೇ ಹಾಡಿದ. ಆ ಒಂದು ಹಾಡೇ ಅವನಿಗೆ ಅನ್ನವಾಯಿತು. ಎರಡೂ ತಾಲ್ಲೂಕಿನಲ್ಲಿ ಆ ಹಾಡಿಲ್ಲದೆ ಆರತಕ್ಷತೆ ಮುಗಿಯುವುದಿಲ್ಲ. 'ನನ್ನ ಕಂಡು ಎಳೆ ಹರಿಯಿತು, ನಾಚಿ ನೀನು ನಕ್ಕೆಯಲ್ಲೇ' ಎನ್ನುವಲ್ಲಿಗೆ ಬಂದರೆ ಮದುಮಕ್ಕಳೂ ತಲೆ ತಗ್ಗಿಸುತ್ತಾರೆ. ಹಾಡಿನಲ್ಲಿರುವ ಹುಡುಗಿ ಯಾರೆಂದು ಬೀದಿಗೆಲ್ಲ ಗೊತ್ತಿತ್ತು. ಶಶಿರೇಖಾಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಒಬ್ಬೊಬ್ಬರಾಗಿ ಗೊತ್ತಾಗುತ್ತ ಹೋಯಿತು. ಕೊನೆಗೆ ನೋಡಲು ಬರುವವರೇ ನಿಂತುಹೋದರು.

ಈಗ ವಿನೋದನ ಯೂಟ್ಯೂಬ್ ಚಾನೆಲ್ಲಿಗೆ ಹಾಡುಗಳ ಹಿಂದಿನ ಕಥೆ ಬೇಕಿತ್ತು. ಅವರನ್ನು ಮನೆಗೆ ಕರೆಸಿದವಳು ಶಶಿರೇಖಾಳ ಒಡಹುಟ್ಟಿದ ಅಣ್ಣನ ಮಗಳು ಮೇಘಾ. ಪಿಯುಸಿ ಓದುವ ಹುಡುಗಿ, ಪ್ರೀತಿ ಎಂಬುದು ಎಲ್ಲೋ ತನಗಾಗಿ ಹೊರಟು ದಾರಿಯಲ್ಲಿದೆ ಎಂದು ನಂಬುವ ವಯಸ್ಸು. "ಅತ್ತೆ, ನಿನ್ ಮೇಲೊಂದು ಹಾಡೇ ಐತೆ. ಯಾರಿಗ್ ಸಿಗ್ತೈತೆ ಹೇಳು ಇಂಥ ಭಾಗ್ಯ?" ಎಂದಿದ್ದಳು. ಅಜ್ಜಿಯ ಕಥೆಗಳಲ್ಲಿ ಕಿಟಕಿಗೆ ಬರುವುದು ಮಾತಾಡುವ ಗಿಳಿ, ಇಲ್ಲವೇ ದಾರಿ ತಪ್ಪಿದ ರಾಜಕುಮಾರ. ಮೇಘಾ ಕೇಳಿ ಬೆಳೆದದ್ದು ಅದನ್ನೇ. ಬೀಡಿ ನಾರುವ ಬಾಯೊಂದು ಸರಳಿಗೆ ಮೂತಿ ಒತ್ತಿ, ಒಳಗೆ ಕೂತವಳ ಮೈಯ ಬಣ್ಣ ವರ್ಣಿಸುತ್ತ ನಿಲ್ಲುವ ಕಥೆಯನ್ನು ಯಾವ ಅಜ್ಜಿ ತಾನೇ ಹೇಳುತ್ತಾಳೆ?

"ಶುರು ಮಾಡಾನಾ ಅಣ್ಣಾ?"

ಮಾರುತೇಶ್ ಗಂಟಲು ಸರಿಮಾಡಿಕೊಂಡ. ಎದುರಿನ ಚಾಪೆಯ ಮೇಲೆ ಶಶಿರೇಖಾಳ ಅಪ್ಪ ಜಂಬುಲಿಂಗಪ್ಪ, ತೊಳೆದ ಪಂಚೆ ಉಟ್ಟು ಮದುವೆಗೆ ಬಂದವನ ಹಾಗೆ ಕೂತಿದ್ದ.

"ಆಗ ನಂಗೆ ಇಪ್ಪತ್ತಿರಬೌದು. ದಿನಾ ಬಂದು ಈ ಕಿಟಕೀಲಿ ನಿಲ್ಲೋನು. ಇವ್ಳು ತಲೆ ಎತ್ತಿದ್ರೆ ಕೇಳು! ಕರೆದೆ, ಹಾಡಿದೆ, ಕಲ್ಲು ಒಗೆದೆ. ಊಹೂಂ. ನಾನೂ ಬಿಡ್ಲಿಲ್ಲ." ಅವನು ಮೊಬೈಲಿನ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಒಂದಿನ ಮಧ್ಯಾಹ್ನ ಶೇವಿಂಗ್ ಬ್ಲೇಡ್ ತಂದೆ. ಕಿಟಕಿ ಒಳಗೆ ಕೈ ಹಾಕಿ ಮಗ್ಗದ್ ಮೇಲಿನ್ ಹಾಸಿನ್ ಎಳೆಗೆಲ್ಲಾ ಸರಕ್ಕಂತ ಎಳೆದ್ಬಿಟ್ಟೆ. ಆಗ ನೋಡಿದ್ಲು ನೋಡ್ರಿ, ಅಬ್ಬಾ, ಆ ಕಣ್ಣು! ಹಾಡು ಹುಟ್ಟಿದ್ದು ಅಲ್ಲೇ."

"ಸೂಪರ್ ಅಣ್ಣಾ," ಎಂದ ವಿನೋದ್.

ಶಶಿರೇಖಾ ಇದನ್ನೇ ಅಂದು ಅಳುತ್ತ ಅಪ್ಪನಿಗೆ ಹೇಳಿದ್ದಳು. ಜಂಬುಲಿಂಗಪ್ಪ ನಂಬಿರಲಿಲ್ಲ. ಬೀದಿಯಲ್ಲಿ ಯಾರೂ ನಂಬಿರಲಿಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವನು ಕುಡಿದಾನು, ಕದ್ದಾನು, ಹೆಂಡತಿಯನ್ನು ಬಿಟ್ಟಾನು. ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳಿಗೆ ಬ್ಲೇಡು ಹಾಕುವುದುಂಟೇ? ಹಬ್ಬದ ದಿನ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವ ರೇಷ್ಮೆಯದು. ಹುಡುಗಿಯೇ ಕಿಟಕಿಯಾಚೆ ನೋಡಿ ಹಲ್ಲು ಕಿರಿಯುತ್ತ ಎಳೆ ಹರಿದಿದ್ದಾಳೆ, ಈಗ ಮಂದಿಯ ಮಗನ ಮೇಲೆ ಹೇಳುತ್ತಿದ್ದಾಳೆ ಎಂದು ತೀರ್ಮಾನವಾಯಿತು. ಅಪ್ಪ ಮಗ್ಗದ ಹಗ್ಗ ಬಿಚ್ಚಿ ಬೆನ್ನಿಗೆ ಬಾರಿಸಿದ. ಮರುದಿನದಿಂದ ಸ್ಕೂಲು ಬಿಡಿಸಿ, ಹರಿದ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಲು ಕೂರಿಸಿದ.

ಈಗ ಮುದುಕ ಚಾಪೆಯಿಂದ ಎದ್ದುನಿಂತಿದ್ದ.

"ಏಂ ಚೇಸಿನಾವ್ರಾ?" ಮೊದಲು ಮನೆಯ ತೆಲುಗೇ ಬಾಯಿಗೆ ಬಂತು. "ಏನ್ ಮಾಡ್ದೆ ಅಂದೆ? ಹಾಸು ಕೊಯ್ದ್ಯಾ? ಲೇ, ನೇಕಾರನ್ ಹೊಟ್ಟೇಲಿ ಹುಟ್ಟಿ ಹಾಸು ಕೊಯ್ದ್ಯೇನಲೇ?"

"ಅಯ್ಯೋ ಮಾವಾ, ಹುಡುಗಾಟ್ಕೆ ಅದು. ಕೂತ್ಕೋ."

"ಮಾವಾ ಅನ್ಬ್ಯಾಡಲೇ! ಎಂಥಾ ರೇಷ್ಮೆ ಅದು, ಎಂಥಾ ಬಣ್ಣ..." ಜಂಬುಲಿಂಗಪ್ಪ ಮಗ್ಗದ ಹತ್ತಿರ ಬಂದು, ಅರ್ಧ ನೇಯ್ದ ಸೀರೆಯ ಮುಂದೆ ಹಾಸಿನ ಮೇಲೆ ಅಂಗೈ ಇಟ್ಟ. ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ. ಕಣ್ಣಿಂದ ಬಳಬಳ ನೀರಿಳಿಯಿತು.

ಶಶಿರೇಖಾ ಕಾದಳು. ಈಗ ನನ್ನ ಕಡೆ ತಿರುಗುತ್ತಾನೆ, ಈಗ ತಿರುಗುತ್ತಾನೆ ಎಂದು ಉಸಿರು ಬಿಗಿಹಿಡಿದು ಕಾದಳು. ಅಪ್ಪ ರೇಷ್ಮೆ ಸವರುತ್ತಲೇ ಇದ್ದ. ಇಷ್ಟು ವರ್ಷ ಮಾರುತೇಶನ ಮೇಲೆ ಮಾತ್ರ ಇದ್ದ ಅಸಹ್ಯ ಅವಳ ಗಂಟಲಲ್ಲಿ ಹುಳಿತೇಗಿನಂತೆ ಉಕ್ಕಿ, ಈಗ ಯಾರನ್ನೂ ಬಿಡದೆ ಎಲ್ಲರ ಮೇಲೂ ಹರಿಯಿತು.

"ಅಜ್ಜಾರ ಮಾತು ತೆಗೆದ್ಬಿಡಾನ," ಎಂದು ವಿನೋದ್ ಅವಸರದಲ್ಲಿ ಅವಳ ಕಡೆ ತಿರುಗಿದ. "ಅಕ್ಕಾ, ನಿಮ್ದೊಂದು ಮಾತು. ಆವತ್ತು ಇವರು ಹಂಗೆ ಬಂದು ನಿಂತಾಗ ನಿಮಗೇನನ್ನಿಸ್ತು?"

ಶಶಿರೇಖಾ ಮೊದಲ ಸಲ ಮೊಬೈಲನ್ನು ನೇರ ನೋಡಿದಳು.

"ಹೇಸಿಗೆ ಆತು. ಇವನು ನಿಂತಾಗೆಲ್ಲ ಹೇಸಿಗೆ ಆಗ್ತಿತ್ತು. ಈ ಹಾಡು ಕೇಳಿದಾಗೆಲ್ಲ ಆಗ್ತೈತೆ. ಈಗ್ಲೂ ವಾಂತಿ ಬರಂಗಾಗೈತೆ. ಹಾಕ್ಕೋ ಇದನ್ನ." ಆಮೇಲೆ ಅಪ್ಪನ ಕಡೆ ತಿರುಗಿದಳು, ದನಿ ತಗ್ಗಿತು. "ನಾಯ್ನಾ, ನೂಲಿಗೆ ಅಂತ ನಿಂಗೆ ಕಣ್ಣೀರು ಬಂತು. ಆವತ್ತು ನನ್ ಬೆನ್ನು ನೋಡ್ದಾಗ ಬರ್ಲಿಲ್ಲ."

ಮಾರುತೇಶ್ ನಗಲು ನೋಡಿದ. ಬಾಗಿಲಲ್ಲಿ ನಿಂತಿದ್ದ ಮೇಘಾಳ ಮುಖ ನೋಡಿ ಲೋಟ ಕೆಳಗಿಟ್ಟು ಎದ್ದ.

ವಾರದೊಳಗೆ ವಿಡಿಯೋ ಬಂತು. ಮಾರುತೇಶನ ಬ್ಲೇಡಿನ ಕಥೆ ಪೂರ್ತಿ ಇತ್ತು. ಮುದುಕ ಇರಲಿಲ್ಲ. ಕೊನೆಯಲ್ಲಿ ಶಶಿರೇಖಾಳ ಮುಖ ಮಾತ್ರ ಹತ್ತಿರದಿಂದ, ಅವಳ ದನಿ ತೆಗೆದು ಮೇಲೆ ಆ ಹಾಡನ್ನೇ ಹಚ್ಚಿದ್ದರು. ಕೆಂಪೇರಿದ ಕಣ್ಣು, ಅದುರುವ ತುಟಿ, 'ನಾಚಿ ನೀನು ನಕ್ಕೆಯಲ್ಲೇ'. ಕೆಳಗೆ ಜನ ಬರೆದಿದ್ದರು, ಈ ವಯಸ್ಸಲ್ಲೂ ಎಷ್ಟು ನಾಚಿಕೆ ನೋಡ್ರಿ, ಇದಪ್ಪಾ ನಿಜವಾದ ಪ್ರೀತಿ. ಹೃದಯದ ಚಿತ್ರಗಳು ಸಾಲುಸಾಲು.

ಮೇಘಾ ಮೊಬೈಲು ತಂದು ತೋರಿಸಿದಳು. ಶಶಿರೇಖಾ ಪೂರ್ತಿ ನೋಡಿ ಮಗ್ಗಕ್ಕೆ ಇಳಿದಳು.

ಹುಡುಗಿ ಕಂಬಕ್ಕೊರಗಿ ನೆಲದ ಮೇಲೆ ಕೂತು ವಿಡಿಯೋ ಮತ್ತೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಹಾಡು ನಿಂತಿತು. ಶಶಿರೇಖಾ ತಲೆ ಎತ್ತಿ ನೋಡಿದಳು. ಮೇಘಾ ದನಿಯನ್ನಷ್ಟೇ ಆರಿಸಿದ್ದಳು, ಚಿತ್ರ ಓಡುತ್ತಲೇ ಇತ್ತು. ಪರದೆಯ ಮೇಲೆ ಅತ್ತೆಯ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಮೇಘಾ ಅದನ್ನು ಮುಖಕ್ಕೆ ಹತ್ತಿರ ಹಿಡಿದು, ಅಂದು ಅತ್ತೆ ಆಡಿದ ಒಂದೊಂದೇ ಮಾತನ್ನು ತುಸು ತಡವಾಗಿ, ಮೆಲ್ಲಗೆ ತಾನು ಆಡತೊಡಗಿದಳು. ಮುಗಿದ ಮೇಲೆ ಹಿಂದಕ್ಕೆಳೆದು ಮತ್ತೆ ಮೊದಲಿಂದ, ಈ ಸಲ ಸ್ವಲ್ಪ ಗಟ್ಟಿಯಾಗಿ.

ಹೊರಗೆ ಜಗಲಿಯ ಮೇಲೆ ಜಂಬುಲಿಂಗಪ್ಪನ ಕೆಮ್ಮು ನಿಂತುಹೋಯಿತು.