ಪಟ್ಟಿಯಲ್ಲಿಲ್ಲದ ಕೆಲಸ

ಫಾರ್ಮ್ ತುಂಬಿಸಲು ಬಂದವರು ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟು, ತೋರಿಸಿದಲ್ಲಿ ಸಹಿ ಮಾಡಿ ಹೋಗುತ್ತಾರೆ. ನಾಹಿದಾ ಹಾಗಲ್ಲ. ಬಂದವಳೇ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಏನೇನ್ ಕೇಳ್ಯಾರ, ಮೊದಲ ನಾ ಓದ್ತೇನಿ ದೇವಕ್ಕಾ. ಆಮ್ಯಾಲ ನೀ ಬಡಿ."

"ಓದವಾ. ಮೂರು ಪುಟ ಐತಿ. ಚಹಾ ತರಸ್ಲೇನು?"

ಇದು ಎರಡು ಸಾವಿರದ ಆರನೆಯ ಇಸವಿಯ ಮಾತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅದಕ್ಕೂ ಮೊದಲು ಹನ್ನೆರಡು ವರ್ಷ ಸರಕಾರಿ ಕಚೇರಿಯೊಂದರ ಗೇಟಿನ ಮುಂದೆ ಟೈಪ್‌ರೈಟರ್ ಇಟ್ಟುಕೊಂಡು ಕುಳಿತವಳು ನಾನು. ಕಂಪ್ಯೂಟರ್ ಬಂದ ಮೇಲೆ ಅದನ್ನೂ ಕಲಿತೆ. ಆ ವರ್ಷಗಳಲ್ಲಿ ಅರ್ಜಿಗಳೆಲ್ಲ ಒಂದೊಂದಾಗಿ ಪಿಡಿಎಫ್ ಆಗತೊಡಗಿದ್ದವು. ಆ ಕಚೇರಿಯವರು ನನ್ನ ಅಂಗಡಿಗೆ 'ಅಧಿಕೃತ ಫಾರ್ಮ್ ಕೇಂದ್ರ' ಎಂದು ಬೋರ್ಡು ಕೊಟ್ಟು, ಒಂದು ದುಂಡು ಮುದ್ರೆಯನ್ನೂ ಕೊಟ್ಟಿದ್ದರು. ತುಂಬಿದ ಪ್ರತಿ ಅರ್ಜಿಯ ಕೆಳಗೆ ಅದನ್ನು ಒತ್ತಬೇಕು. ಆ ಬೋರ್ಡು ನೋಡಿಯೇ ಜನ ನನ್ನಲ್ಲಿಗೆ ಬರುತ್ತಿದ್ದರು.

ನಾಹಿದಾ ಮೋಟಾರ್ ವೈಂಡಿಂಗ್ ಮಾಡುವವಳು. ಸುಟ್ಟುಹೋದ ಬೋರ್‌ವೆಲ್ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು ಬಿಚ್ಚಿ, ಕಪ್ಪಾದ ತಾಮ್ರದ ತಂತಿ ಕಿತ್ತು ಹೊಸದು ಸುತ್ತುತ್ತಾಳೆ. ಅವಳ ಅಪ್ಪ ಮಕಬೂಲಸಾಬರ ಕೈ ನಡುಗಲು ಶುರುವಾದ ಮೇಲೆ ಅಂಗಡಿ ಪೂರ್ತಿ ಅವಳದೇ. ಈಗ ಅಂಗಡಿಯ ಜಾಗದ ಮಾಲೀಕರು ಕಟ್ಟಡ ಕೆಡವಿ ಬೈಕ್ ಶೋರೂಮ್ ಕಟ್ಟಿಸಲಿದ್ದರು. ಎರಡು ತಿಂಗಳಲ್ಲಿ ಖಾಲಿ ಮಾಡಬೇಕಿತ್ತು. ತಾರಿಹಾಳದಲ್ಲಿ ಮಹಿಳೆಯರಿಗೆಂದು ಸಣ್ಣ ಶೆಡ್ಡುಗಳನ್ನು ಹಂಚುವ ಯೋಜನೆಗೆ ಅದೇ ಕಚೇರಿಯವರು ಅರ್ಜಿ ಕರೆದಿದ್ದರು. ಕೊನೆಯ ದಿನ ಶುಕ್ರವಾರ. ಅವಳು ಬಂದದ್ದು ಗುರುವಾರ ಬೆಳಿಗ್ಗೆ.

ಹೆಸರು, ವಿಳಾಸ, ರೇಷನ್ ಕಾರ್ಡ್ ನಂಬರು ತುಂಬುವಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಕಂಪ್ಯೂಟರಿನಲ್ಲಿ ಈ ಫಾರ್ಮನ್ನು ತುಂಬಬಹುದಿತ್ತೇ ಹೊರತು ಉಳಿಸಿಡಲು ಬರುತ್ತಿರಲಿಲ್ಲ. ತುಂಬಬೇಕು, ಆಗಲೇ ಪ್ರಿಂಟ್ ತೆಗೆಯಬೇಕು, ಅಷ್ಟೇ. ಕರೆಂಟ್ ಬಂದ ಮೇಲೆ ಎಲ್ಲ ಖಾಲಿ.

"ಇದೆಂಥಾ ಕಾಗದ ಬೇ? ಬರದದ್ದು ನೆನಪ ಇರಂಗಿಲ್ಲ?" ಎಂದಳು ನಾಹಿದಾ.

ಮತ್ತೆ ಶುರು ಮಾಡಿದೆವು. ಎರಡನೇ ಪುಟದಲ್ಲಿ 'ಅರ್ಜಿದಾರಳ ಉದ್ಯೋಗ' ಎಂಬ ಚೌಕ. ಅದರೊಳಗೆ ಟೈಪ್ ಮಾಡಲು ಆಗುವುದಿಲ್ಲ. ಬಾಣದ ಗುರುತು ಒತ್ತಿದರೆ ಪಟ್ಟಿ ಕೆಳಗಿಳಿಯುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು. ಹೊಲಿಗೆ. ಹಪ್ಪಳ, ಸಂಡಿಗೆ. ಉಪ್ಪಿನಕಾಯಿ. ಊದಿನಕಡ್ಡಿ. ಬ್ಯೂಟಿ ಪಾರ್ಲರ್. ಐದೇ.

ನಾನು ಅಭ್ಯಾಸದಂತೆ ಹೊಲಿಗೆಯ ಮೇಲೆ ಒತ್ತಿದೆ.

"ತಡಿ ತಡಿ. ಹೊಲಿಗಿ ಯಾರು ಮಾಡ್ತಾರ?"

"ಯಾರೂ ಮಾಡಂಗಿಲ್ಲವಾ. ಪಟ್ಟ್ಯಾಗ ನಿಂದು ಇಲ್ಲ, ಅದಕ್ಕ ಹಾಕೇನಿ. ಹೋದ ವರ್ಷಾನೂ ಎಲ್ಲಾರದೂ ಹಿಂಗ ಹಾಕೇನಿ. ಶೆಡ್ ಬಂದ ಮ್ಯಾಲ ನೀ ಒಳಗ ಏನರೆ ಮಾಡ್ಕೊ."

"ನನಗ ಅಂಗಿ ಗುಂಡಿ ಹಚ್ಚಾಕ ಸೈತ ಬರಂಗಿಲ್ಲ. ನಮ್ಮ ಅಬ್ಬಾಂದು ಅಮ್ಮಿ ಹಚ್ತಾಳ."

"ಗುಂಡಿ ಹಚ್ಚು ಅಂತ ಪರೀಕ್ಷಾ ಏನ್ ತಗೊಳ್ಳಂಗಿಲ್ಲ."

ಅವಳು ಮೌಸನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟಳು. "ಮೂರನೇ ಪುಟ ಓದೀಯೇನು? ಹೊಲಿಗಿ, ಹಪ್ಪಳದವರಿಗೆ ಸಿಂಗಲ್ ಫೇಸ್ ಕರೆಂಟ ಕೊಡ್ತಾರಂತ. ನಾ ಹತ್ತು ಎಚ್‌ಪಿ ಮೋಟಾರ ಸುತ್ತಿ ಅದನ್ನ ಯಾವುದರ ಮ್ಯಾಲ ಓಡಿಸಿ ನೋಡ್ಲಿ? ನಿನ್ನ ಟೇಬಲ್ ಫ್ಯಾನಿನ ಪ್ಲಗ್ಗಿನ ಮ್ಯಾಲೇನು?"

ಖರೆ ಹೇಳುತ್ತೇನೆ, ಆ ಮೂರನೇ ಪುಟವನ್ನು ನಾನು ಅಷ್ಟು ಲಕ್ಷ್ಯಗೊಟ್ಟು ಓದಿರಲಿಲ್ಲ. ಆದರೂ ಬಿಡಲಿಲ್ಲ. "ಕದ್ದು ಜೋಡಿಸ್ಕೊಳ್ಳಾಕ ಬರ್ತೈತಿ. ಲೈನ್‌ಮನ್ನಗ ಹೇಳಿದ್ರ..."

"ಹೇಳಿದ್ರ ತಿಂಗಳಾ ತಿಂಗಳಾ ರೊಕ್ಕಕ್ಕ ಬಂದು ಬಾಗಲಾಗ ನಿಂದ್ರತಾನ. ನನ್ನ ಕೆಲಸಾ ನಾ ಮಾಡಾಕ ಅವನ ಮಾರಿ ನೋಡ್ಬೇಕು. ಬ್ಯಾಡ. ಮೋಟಾರ್ ವೈಂಡಿಂಗ್ ಅಂತ ಬರಿ, ಇಲ್ಲಾಂದ್ರ ಬರೀಬ್ಯಾಡ."

ಪಕ್ಕದ ಸಿಡಿ ಅಂಗಡಿಯ ಪರಮೇಶ ಅಷ್ಟೊತ್ತಿಗೆ ಬಾಗಿಲಿಗೆ ಆತುಕೊಂಡು ಕೇಳುತ್ತ ನಿಂತಿದ್ದ. ಹತ್ತು ವರ್ಷದ ಹಿಂದೆ ಟಿವಿ ದುರಸ್ತಿ ಮಾಡುತ್ತಿದ್ದವನು, ಈಗ ಕಂಪ್ಯೂಟರ್ ಪಂಡಿತ.

"ಅಕ್ಕಾರ, ನನ್ನ ಕಡೆ ಪಿಡಿಎಫ್ ತಿದ್ದೂ ಸಾಫ್ಟ್‌ವೇರ್ ಐತಿ. ಐದು ನಿಮಿಷದಾಗ ಪಟ್ಟ್ಯಾಗ ಆರನೇದು ಸೇರಿಸ್ತೇನಿ. ಸರಕಾರದವರಿಗೆ ಸೈತ ಗೊತ್ತಾಗೂದುಲ್ಲ."

ನಾಹಿದಾ ನನ್ನ ಮುಖ ನೋಡಿದಳು.

"ಬ್ಯಾಡೋ ಮಾರಾಯಾ," ಎಂದೆ. "ನಾವು ಹೇಳೂದನ್ನ ಹೇಳೂದು ಬ್ಯಾರೆ, ಅವರು ಹೇಳಲಾರದ್ದನ್ನ ಅವರ ಬಾಯಾಗ ಹಾಕೂದು ಬ್ಯಾರೆ. ನಾಳೆ ಅದ ನೆವಾ ಮಾಡಿ ಆಕಿ ಅರ್ಜಿ ಹರದು ಒಗೀತಾರ."

ಹಾಗಾದರೆ ಚೌಕ ಖಾಲಿ ಬಿಡೋಣ ಎಂದು ಬಿಟ್ಟೆ. ಫಾರ್ಮಿನ ಕೊನೆಗೆ ನೀಲಿ ಗುಂಡಿಯೊಂದಿತ್ತು, ಪ್ರಿಂಟ್ ಎಂದು. ಒತ್ತಿದರೆ ಕೆಂಪಕ್ಷರದಲ್ಲಿ ಬೈಗುಳ: ಉದ್ಯೋಗ ಆಯ್ಕೆ ಮಾಡಿ. ಮತ್ತೆ ಒತ್ತಿದೆ, ಮತ್ತೆ ಅದೇ. ಆಮೇಲೆ ನೆನಪಾಯಿತು, ಆ ಗುಂಡಿ ಫಾರ್ಮಿನದು, ಮೇಲಿನ ಮೆನು ಕಂಪ್ಯೂಟರಿನದು. ಮೆನುವಿಗೆ ಹೋಗಿ ಅಲ್ಲಿಂದ ಪ್ರಿಂಟ್ ಕೊಟ್ಟೆ. ಮೆಷಿನ್ ಏನೂ ಕೇಳದೆ ಮೂರು ಹಾಳೆ ಉಗುಳಿತು, ಉದ್ಯೋಗದ ಚೌಕ ಬೆಳ್ಳಗೆ.

"ಪೆನ್ ಕೊಡು," ಎಂದಳು ನಾಹಿದಾ.

"ಕೈಬರಹ ತಗೊಳ್ಳಂಗಿಲ್ಲ ಅಂತ ಮ್ಯಾಲ ದಪ್ಪಕ್ಷರದಾಗ ಹಾಕ್ಯಾರ. ಟೈಪ್ ತಗೊಳ್ಳಂಗಿಲ್ಲ ಅಂತ ಎಲ್ಲೂ ಹಾಕಿಲ್ಲ."

ಒಳಗಿನಿಂದ ಹಳೆಯ ಟೈಪ್‌ರೈಟರ್ ಹೊತ್ತು ತಂದೆ. ಹಾಳೆಯನ್ನು ಉರುಳೆಗೆ ಸಿಕ್ಕಿಸಿ, ಬೆಳಕಿಗೆ ಹಿಡಿದು, ಉರುಳೆಯನ್ನು ಅರ್ಧ ಹಲ್ಲು ತಿರುಗಿಸಿ ಚೌಕದ ನಡುವೆ ಹೊಡೆದೆ: ಮೋಟಾರ್ ವೈಂಡಿಂಗ್ ಮತ್ತು ದುರಸ್ತಿ. ಅಕ್ಷರ ಸ್ವಲ್ಪ ಏರುಪೇರಾದವು. ನಾಹಿದಾ ಹಾಳೆ ಎತ್ತಿ ಓದಿ, ಅಲ್ಲೇ ಗಾಳಿಗೆ ಬೀಸಿ ಆರಿಸಿದಳು. ಕೆಳಗೆ ನಾನು ದುಂಡು ಮುದ್ರೆ ಒತ್ತಿದೆ.

ಶುಕ್ರವಾರ ನಾನೂ ಅವಳ ಜೊತೆ ಕಚೇರಿಗೆ ಹೋದೆ. ಅರ್ಜಿ ತೆಗೆದುಕೊಳ್ಳುವ ಮೇಜಿನಲ್ಲಿದ್ದವರು ಶಿದ್ದಪ್ಪ ಎಂಬ ಸೂಪರಿಂಟೆಂಡೆಂಟ್. ಕೆಟ್ಟ ಮನುಷ್ಯರಲ್ಲ. ಮುಂದೆ ನಿಂತವರನ್ನು ಕೂಡಿಸಿ ಮಾತಾಡಿಸುವವರು. ಆದರೆ ಹಾಳೆ ನೋಡಿದ್ದೇ ಹುಬ್ಬು ಮೇಲೇರಿತು.

"ಇದೇನ್ರಿ ದೇವಕ್ಕಾರ, ಪಟ್ಟ್ಯಾಗಿಂದು ಆರಿಸಿಲ್ಲ, ಮ್ಯಾಲ ಏನೋ ಟೈಪ್ ಹೊಡದೀರಿ?"

"ಆಕಿ ಮಾಡೂ ಕೆಲಸರಿ ಸಾಹೇಬ್ರ."

"ಕಂಪ್ಯೂಟರ್ ತಗೊಳ್ಳಂಗಿಲ್ಲವಾ ಇದನ್ನ."

"ಕಂಪ್ಯೂಟರ್ ತಗೊಳ್ಳೂದು ಬ್ಯಾಡ್ರಿ," ಎಂದಳು ನಾಹಿದಾ, "ನೀವು ತಗೊಳ್ರಿ."

ಹಿಂದೆ ಸಾಲಿನಲ್ಲಿ ಯಾರೋ ನಕ್ಕರು. ಶಿದ್ದಪ್ಪನವರು ನಗಲಿಲ್ಲ. "ನೋಡವಾ, ಹೋದ ವರ್ಷ ಇದ ಪಟ್ಟಿ ಇತ್ತು. ನಲವತ್ತು ಅರ್ಜಿ ಬಂದ್ವು, ಮೂವತ್ತೊಂದು ಹೊಲಿಗಿ. ಒಬ್ಬರದೂ ತಕರಾರಿಲ್ಲ. ತಕರಾರಿಲ್ಲ ಅಂದ್ರ ಪಟ್ಟಿ ಸರಿ ಐತಿ ಅಂತ ಈ ವರ್ಷಾನೂ ಅದನ್ನ ಇಟ್ಟೇವಿ. ನಾವೇನ್ ಕನಸಿನ್ಯಾಗ ಮಾಡಿಲ್ಲ. ಬೇಕಾದ್ರ ಫೈಲ್ ನೋಡ್ರಿ."

ಹಳೆಯ ಫೈಲು ಬಿಚ್ಚಿ ನನ್ನ ಮುಂದೆ ತಿರುವಿದರು. ಹೊಲಿಗೆ. ಹೊಲಿಗೆ. ಹೊಲಿಗೆ. ಪ್ರತಿ ಹಾಳೆಯ ಕೆಳಗೆ ನನ್ನದೇ ದುಂಡು ಮುದ್ರೆ. ನಾಲ್ಕನೆಯದು ದುರ್ಗಾಳದು. ಬ್ಯಾಡಗಿ ಮೆಣಸಿನಕಾಯಿ ತಂದು ಮಷಿನ್‌ನಲ್ಲಿ ಖಾರದ ಪುಡಿ ಕುಟ್ಟುವವಳು ಅವಳು. ಅವಳ ಮನೆಯಲ್ಲಿ ಹೊಲಿಗೆ ಮಷಿನ್ನೇ ಇಲ್ಲ. ಅದರ ಕೆಳಗಿನ ಹಾಳೆಯವಳು ಗ್ರಿಲ್ ವೆಲ್ಡಿಂಗ್ ಮಾಡುವವಳು. ಅವರಿಗೆಲ್ಲ ಸಹಾಯ ಮಾಡಿದೆ ಎಂದುಕೊಂಡು ಒಂದು ವರ್ಷ ನಾನು ನೆಮ್ಮದಿಯಿಂದ ಚಹಾ ಕುಡಿದಿದ್ದೆ. ನಾಹಿದಾಳ ದಾರಿಗೆ ಅಡ್ಡ ಬಿದ್ದಿದ್ದು ಸರಕಾರದ ಪಟ್ಟಿ ಒಂದೇ ಅಲ್ಲ, ನನ್ನ ಉಪಕಾರವೂ ಹೌದು.

"ಸಾಹೇಬ್ರ," ಎಂದೆ, "ಇವನ್ನ ತುಂಬಿದಾಕಿ ನಾನು. ಬ್ಯಾರೆ ಆರಸಾಕ ಇರಲಿಲ್ಲ, ಅದಕ್ಕ ಹೊಲಿಗಿ ಅಂತ ಹಾಕೇನಿ. ಇವರೆಲ್ಲಾ ಹೊಲಿಯೂದುಲ್ಲ."

ಶಿದ್ದಪ್ಪನವರು ಫೈಲನ್ನು ಮೆಲ್ಲಗೆ ಮುಚ್ಚಿದರು. "ಏನ್ ಹೇಳಾಕತ್ತೀರಿ, ಅರವು ಐತೇನ್ರಿ? ಯಾರ್ಯಾರದು ಸುಳ್ಳು, ಹೆಸರು ಹೇಳ್ರಿ."

"ಹೆಸರು ಹೇಳಂಗಿಲ್ಲರಿ."

"ಹಂಗಾದ್ರ ನಿಮ್ಮ ಕೇಂದ್ರದ ಹೆಸರು ತಗದು ಹಾಕಬೇಕಾಕ್ಕೈತಿ."

"ಹಾಕ್ರಿ." ಅಲ್ಲೇ ಒಂದು ಬಿಳಿ ಹಾಳೆ ಕೇಳಿಕೊಂಡು ನಿಂತಲ್ಲೇ ಬರೆದೆ. ಉದ್ಯೋಗದ ಪಟ್ಟಿ ಸಾಲದಾಗಿದೆ, ಆ ಕಾರಣಕ್ಕೆ ತಪ್ಪು ಉದ್ಯೋಗ ತುಂಬಿದವಳು ನಾನು, ಅದರ ಜವಾಬ್ದಾರಿ ಅರ್ಜಿದಾರರದಲ್ಲ, ನನ್ನದು. ಹೆಸರು, ಸಹಿ, ತಾರೀಖು. ನಾಹಿದಾಳ ಅರ್ಜಿಯ ಜೊತೆ ಪಿನ್ ಹಚ್ಚಿ ಮುಂದಿಟ್ಟೆ. "ಎರಡೂ ಕೂಡೇ ತಗೊಳ್ರಿ."

"ತಗೊಳ್ಳಾಕ ಬರಂಗಿಲ್ಲರಿ."

"ಬರದಿದ್ರ ಯಾಕ ಬರಂಗಿಲ್ಲ ಅಂತ ಬರದು ಸಹಿ ಮಾಡಿ ಕೊಡ್ರಿ. ಹೋಗ್ತೇವಿ."

ಕಚೇರಿಯಲ್ಲಿ ಬಾಯಿಂದ ಇಲ್ಲ ಎನ್ನುವುದು ಬಹಳ ಸಸಾರ, ಬರೆದು ಇಲ್ಲ ಎನ್ನುವುದು ಕಷ್ಟ. ಹನ್ನೆರಡು ವರ್ಷ ಗೇಟಿನ ಮುಂದೆ ಕುಳಿತು ಇದನ್ನು ಕಲಿತಿದ್ದೆ. ಶಿದ್ದಪ್ಪನವರು ಪೆನ್ನು ಎತ್ತಿಕೊಂಡರು. ಅದರ ಟೋಪಿ ತೆಗೆದರು, ಹಾಕಿದರು. ನಾಹಿದಾ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಿದ್ದಳು. ಬೆರಳುಗಳ ತುದಿಗೆ ತಂತಿಗೆ ಬಳಿಯುವ ವಾರ್ನಿಶ್ ಹಿಡಿದು ಕಂದಾಗಿತ್ತು.

"ಬರೀರಿ ಸಾಹೇಬ್ರ," ಎಂದಳು ಅವಳು. "ಈಕಿ ಖರೆ ಬರದಾಳ, ಅದಕ್ಕ ಬ್ಯಾಡ ಅಂತ ಬರೀರಿ. ನಾ ಚೌಕಟ್ಟ ಹಾಕಿಸಿ ಅಂಗಡ್ಯಾಗ ತೂಗ ಹಾಕ್ತೇನಿ."

"ಭಾಳ ಮಾತಾಡ್ತೀಯವಾ ನೀ."

"ಕೆಲಸಾನೂ ಭಾಳ ಮಾಡ್ತೇನ್ರಿ."

ಕೊನೆಗೆ ಅವರು ಎರಡೂ ಹಾಳೆಗಳ ಮೇಲೆ ಧಪ್ ಧಪ್ ಎಂದು, ಅರ್ಜಿ ಬಂದು ಮುಟ್ಟಿದೆ ಎನ್ನುವ ಆವಕದ ಶಿಕ್ಕೆ ಒತ್ತಿದರು. ರಸೀದಿ ಬುಕ್ಕಿನಲ್ಲಿ ಬರೆದು ಹರಿದು ಕೊಟ್ಟರು. ನಾನು ಉಸಿರು ಬಿಟ್ಟು ಬಾಗಿಲ ಕಡೆ ತಿರುಗಿದೆ. ನಾಹಿದಾ ತಿರುಗಲಿಲ್ಲ. ರಸೀದಿ ಓದಿ ವಾಪಸ್ ಮೇಜಿನ ಮೇಲಿಟ್ಟಳು.

"ಇದು ನಂದಲ್ಲರಿ."

ರೂಢಿಯ ಕೈ ಉದ್ಯೋಗದ ಮುಂದೆ ಹೊಲಿಗೆ ಎಂದೇ ಬರೆದುಬಿಟ್ಟಿತ್ತು. "ನಡಿಯವಾ, ಶಿಕ್ಕಾ ಬಿದ್ದೈತಿ, ಸಾಕು," ಎಂದು ನಾನೇ ಅವಳ ಸೆರಗು ಜಗ್ಗಿದೆ. ಅವಳು ಜಗ್ಗಲಿಲ್ಲ. ಶಿದ್ದಪ್ಪನವರು ಅವಳನ್ನೂ ನನ್ನನ್ನೂ ನೋಡಿ, ಆ ಶಬ್ದ ಹೊಡೆದು ಹಾಕಿ, ಪಕ್ಕದಲ್ಲಿ ಮೋಟಾರ್ ವೈಂಡಿಂಗ್ ಎಂದು ಬರೆದು, ಸಣ್ಣ ಸಹಿ ಮಾಡಿದರು.

ಮುಂದಿನದು ಸುಲಭವಾಗಲಿಲ್ಲ. ಅವಳ ಅರ್ಜಿಯನ್ನು ಮೇಲಿನವರಿಗೆ ಕಳಿಸಿದರು, ಮೇಲಿನವರು ಕೆಳಗೆ ಕಳಿಸಿದರು. ಕಚೇರಿಯಿಂದ ಇಬ್ಬರು ಬಂದು ಅವಳ ಅಂಗಡಿಯಲ್ಲಿ ನಿಂತು, ಅವಳು ಸುತ್ತುವುದನ್ನು ಒಂದು ತಾಸು ನೋಡಿ ಹೋದರು. ಖಾಲಿ ಮಾಡುವ ಗಡುವು ಮುಗಿದು, ಇಪ್ಪತ್ತು ದಿನ ಅವಳ ಮೋಟಾರುಗಳೆಲ್ಲ ನನ್ನ ಅಂಗಡಿಯ ಮುಂದೆ ತಾಡಪತ್ರಿಯ ಕೆಳಗೆ ಕೂತಿದ್ದವು. ಶ್ರಾವಣದಲ್ಲಿ ಪತ್ರ ಬಂತು: ತಾರಿಹಾಳದಲ್ಲಿ ಶೆಡ್ಡು, ಮೂರು ಫೇಸ್ ಕರೆಂಟಿನೊಂದಿಗೆ. ಅದೇ ವಾರ ನನಗೂ ಒಂದು ಪತ್ರ. ಅಧಿಕೃತ ಕೇಂದ್ರದ ಪಟ್ಟಿಯಿಂದ ಹೆಸರು ತೆಗೆಯಲಾಗಿದೆ, ಬೋರ್ಡು ಮತ್ತು ಮುದ್ರೆ ಹಿಂತಿರುಗಿಸತಕ್ಕದ್ದು.

ಬೋರ್ಡು ಇಳಿಸಿದ ದಿನ ಪರಮೇಶ ಏಣಿ ಹಿಡಿದು ನಿಂತು, "ಒಬ್ಬಾಕಿ ಸಂಬಂಧ ನಿಮ್ಮ ಧಂದೆ ಕಳಕೊಂಡ್ರಿ" ಎಂದ. ಕಳೆದುಕೊಂಡದ್ದು ಖರೆ. ಗಿರಾಕಿ ಅರ್ಧಕ್ಕರ್ಧ ಕಡಿಮೆಯಾದರು. ಆದರೆ ನನಗೆ ಕಾಡಿದ್ದು ಆ ಫೈಲು. ಬೋರ್ಡನ್ನು ಕಚೇರಿಗೆ ಮುಟ್ಟಿಸಿ, ಅಲ್ಲಿಂದ ನೇರವಾಗಿ ದುರ್ಗಾಳ ಶೆಡ್ಡಿಗೆ ಹೋದೆ. ಖಾರದ ಘಾಟಿಗೆ ಇಬ್ಬರೂ ಕೆಮ್ಮುತ್ತಲೇ ಮಾತಾಡಿದೆವು.

"ತಿದ್ದುಪಡಿ ಅರ್ಜಿ ಕೊಡೂಣು ನಡಿ. ಖಾರದ ಮಷಿನ್ ಅಂತ ಬರಸೂಣು."

"ಹುಚ್ಚೇನ್ ದೇವಕ್ಕಾ? ಇದ್ದದ್ದೂ ಹೋದ್ರ?"

"ಹೋದ್ರ ನನ್ನ ಅಂಗಡ್ಯಾಗ ಅರ್ಧಾ ಜಾಗಾ ನಿಂದು. ಹೆಂಗೂ ಇನ್ನ ಗಿರಾಕಿ ಕಡಿಮಿ. ತಪ್ಪು ಬರದಾಕಿ ನಾನು, ಅದನ್ನ ಕಚೇರ್ಯಾಗ ಬರದು ಕೊಟ್ಟೇನಿ. ಲೈನ್‌ಮನ್ ತಿಂಗಳಾ ರೊಕ್ಕಕ್ಕ ಬರ್ತಾನಿಲ್ಲೋ?"

ದುರ್ಗಾ ಮಷಿನ್ ಬಂದ್ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಹೀಗೆ ಮನೆ ಮನೆ ತಿರುಗಿದೆ. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರು, ಒಬ್ಬಳು ನೀನು ಯಾರೆಂದೇ ಗೊತ್ತಿಲ್ಲ ಎಂದಳು. ಬರುತ್ತೇನೆ ಎಂದವರು ಏಳು ಜನ. ಬುಧವಾರ ನಾವೆಲ್ಲ ಕೂಡಿ ಕಚೇರಿಯ ಮೆಟ್ಟಿಲು ಹತ್ತಿದೆವು, ನಾಹಿದಾ ತನ್ನ ಶೆಡ್ಡಿಗೆ ಬೀಗ ಹಾಕಿ ನಮ್ಮ ಜೊತೆ ಬಂದಿದ್ದಳು. ಶಿದ್ದಪ್ಪನವರು ನಮ್ಮನ್ನು ಬಾಗಿಲಲ್ಲೇ ಕಂಡು ಎರಡೂ ಕೈಯಿಂದ ತಲೆ ಹಿಡಿದುಕೊಂಡರು.

"ಮತ್ತ ಏನ್ರಿ ಇದು? ಇವರೆಲ್ಲಾ ಹೊಲಿಗಿಯವ್ರ ಅಲ್ಲೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ದುರ್ಗಾ ನನ್ನನ್ನು ಮೊಣಕೈಯಿಂದ ಸರಿಸಿ ಮುಂದೆ ಹೋದಳು.

"ಅಲ್ರಿ. ನಾ ಖಾರಾ ಕುಟ್ಟತೇನಿ. ಪೆನ್ ತಗೀರಿ, ಬರಕೊಳ್ರಿ."