ಬೋರಪ್ಪನ ಮುಯ್ಯಿ

ಯಲ್ಲದಕೆರೆಯಲ್ಲಿ ಸಾವಯವ ಹತ್ತಿ ಬೆಳೆಯುತ್ತೇವೆಂದು ಹೆಸರು ಬರೆಸಿದವರು ಇಪ್ಪತ್ತೆರಡು ಜನ. ಮೂರನೇ ವರ್ಷಕ್ಕೆ ಉಳಿದವಳು ನಿಂಗಕ್ಕ ಒಬ್ಬಳೇ. ಮಿಕ್ಕವರನ್ನು ಓಡಿಸಿದ್ದು ಹತ್ತಿಗೆ ಹತ್ತುವ ಹೇನೋ, ಮೇಘಶ್ರೀಯ ಬಾಯೋ ಎಂದು ನಮ್ಮ ಸಂಸ್ಥೆಯವರು ಹಾಸ್ಯ ಮಾಡುತ್ತಾರೆ. ಮೇಘಶ್ರೀ ಎಂದರೆ ನಾನೇ. ಹಿರಿಯೂರಿನಿಂದ ಸ್ಕೂಟರಿನಲ್ಲಿ ಹೊರಟು ಬೇವಿನ ಕಷಾಯ, ಜೀವಾಮೃತ ಎಂದು ಊರೂರಿಗೆ ಹೇಳಿಕೊಂಡು ತಿರುಗುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ.

ನಿಂಗಕ್ಕನಿಗೆ ಮಾತ್ರ ನನ್ನ ಉಪದೇಶ ಬೇಕಿರಲಿಲ್ಲ. ಅವಳ ಗಂಡ ಚಿತ್ರಲಿಂಗಪ್ಪ ಇಪ್ಪತ್ತೈದು ವರ್ಷ ಬೆನ್ನಿಗೆ ಪಂಪು ಹೊತ್ತು ಊರವರ ಹತ್ತಿಗೆಲ್ಲ ಔಷಧಿ ಹೊಡೆದವನು. ಈಗ ಜಗುಲಿಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಾನೆ. ಎದೆ ಹಾಳಾದದ್ದು ಆ ಔಷಧಿಯಿಂದಲೇ ಎಂದು ಗಂಡ ಹೆಂಡತಿ ಇಬ್ಬರೂ ನಂಬಿದ್ದರು. “ಔಷಧಿ ಇಲ್ದೆ ಬೆಳೆದೀವಿ ಅಂತ ಸರ್ಟಿಫಿಕೇಟು ಬರ್ಲಿ ಕಣವ್ವ, ಅದೊಂದು ನೋಡಿ ಕಣ್ಣು ಮುಚ್ತೀನಿ” ಎನ್ನುತ್ತಿದ್ದ ಅಜ್ಜ.

ಅದಕ್ಕೆ ಮೂರು ವರ್ಷ ಕಾಯಬೇಕು. ನಡುವೆ ಒಂದೇ ಒಂದು ಸಲ ಔಷಧಿ ಬಿದ್ದರೂ ಮತ್ತೆ ಮೊದಲನೇ ವರ್ಷದಿಂದ ಶುರು.

ಕೊನೆಯ ತಪಾಸಣೆಗೆ ಒಂದು ವಾರ ಇರುವಾಗ ಅಜ್ಜನಿಗೆ ಉಸಿರು ಕಟ್ಟಿತು. ನಿಂಗಕ್ಕ ಅವನನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿ ಐದು ದಿನ ಅಲ್ಲೇ ಉಳಿದಳು. ಅವರು ಊರಿಗೆ ಮರಳಿದ ಬೆಳಿಗ್ಗೆ ನಾನೂ ಹೊಲಕ್ಕೆ ಹೋದೆ. ಬದುವಿಗೆ ಕಾಲಿಡುವ ಮೊದಲೇ ಔಷಧಿಯ ವಾಸನೆ ಮೂಗಿಗೆ ಬಡಿಯಿತು.

ಪಕ್ಕದ ಹೊಲದ ಬೋರಪ್ಪ ನಗುತ್ತಾ ಎದುರಿಗೆ ಬಂದ. “ನೋಡ್ರಿ ಮೇಡಂ, ಒಂದು ಹೇನು ಉಳಿದಿದ್ರೆ ಕೇಳ್ರಿ! ನಿಂಗಕ್ಕ ಊರಾಗಿಲ್ಲ, ಎಲೆ ಎಲ್ಲಾ ಮುದುಡ್ಕಂಡಿದ್ವು. ನಮ್ದು ಬಿಟ್ಟು ಮೊದ್ಲು ಇದಕ್ಕೆ ಹೊಡೆದ್ವಿ. ನಾನೂ ನನ್ನ ಹೆಂಡ್ತೀನೂ ಒಂದಿನ ಪೂರ್ತಿ.”

ಇಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಕೂಲಿಯ ಮಾತಿಲ್ಲ, ನಿನ್ನ ಹೊಲಕ್ಕೆ ನಾನು ಒಂದು ದಿನ ಬಂದರೆ ನನ್ನ ಹೊಲಕ್ಕೆ ನೀನು ಒಂದು ದಿನ ಬಂದು ಆ ಮುಯ್ಯಿ ತೀರಿಸಬೇಕು. ಮನೆಯಲ್ಲಿ ಕಾಯಿಲೆ ಎಂದು ತಿಳಿದರೆ ಕರೆಯದೆಯೂ ಬರುತ್ತಾರೆ. ಮೂರು ವರ್ಷ ಮಣ್ಣಿನ ಬಗ್ಗೆ, ಹುಳದ ಬಗ್ಗೆ ಭಾಷಣ ಬಿಗಿದ ನಾನು, ಕರೆಯದೆ ಬರುವವನಿಗೆ ಏನು ಹೇಳಿಡಬೇಕೆಂದು ಯೋಚಿಸಿಯೇ ಇರಲಿಲ್ಲ.

“ಸಾವಯವ ಅಂತ ಬೋರ್ಡ್ ಹಾಕಿರೋದು ಕಾಣ್ಲಿಲ್ವೇನ್ರಿ ನಿಮಗೆ?” ಎಂದು ಕಿರುಚಿದೆ.

“ಔಷಧಿ ತರಾಕೆ ಆಗ್ದೋರು ಹಾಕ್ಕಂತಾರೆ ಅಂದ್ಕಂಡಿದ್ದೆ ಮೇಡಂ. ಅದ್ಕೇ ನಾನೇ ತಂದೆ.”

ಅವನ ಮಾತಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಇದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಅಷ್ಟರಲ್ಲಿ ನಿಂಗಕ್ಕ ಬಂದಳು. ಒಂದು ಎಲೆ ಹರಿದು ಮೂಸಿ ನೋಡಿ, ಬದುವಿನ ಮೇಲೆ ಕುಸಿದು ಕುಳಿತಳು. ಬೋರಪ್ಪ ಅತ್ತ ಹೋದ ಮೇಲೆ ನಾನು ಅವಳ ಕಿವಿಯಲ್ಲಿ, ಮೂಡಲ ಮೂಲೆಯ ನಾಲ್ಕು ಸಾಲಿಗೆ ಔಷಧಿ ಬಿದ್ದಿಲ್ಲ, ತಪಾಸಣೆಯವರಿಗೆ ಪರೀಕ್ಷೆಗೆಂದು ಅಲ್ಲಿನ ಎಲೆಯನ್ನೇ ಕೊಡಿಸುತ್ತೇನೆ ಎಂದೆ. ಹೇಳುವಾಗಲೇ ನಾಚಿಕೆಯಾಯಿತು, ಆದರೂ ಹೇಳಿದೆ.

“ಔಷಧಿ ಬಿದ್ದಿರೋ ಹತ್ತೀನ ಬಿದ್ದಿಲ್ಲ ಅಂತ ಮಾರ್ಲೇನವ್ವ? ಬ್ಯಾಡ. ಇದ್ದಂಗೆ ಬರಿ.”

ತಪಾಸಣೆಯವರಿಗೆ ಹಾಗೇ ಬರೆದೆ.

ಹದಿನೈದು ದಿನಕ್ಕೆ ಅರ್ಜಿ ರದ್ದಾದ ಪತ್ರ ಬಂತು. ಒಬ್ಬಳಿಗಾಗಿ ಇನ್ನು ಆ ಊರಿಗೆ ಹೋಗುವುದು ಬೇಡವೆಂದು ಸಂಸ್ಥೆಯವರೂ ಹೇಳಿದರು. ಪತ್ರ ಹಿಡಿದು ಹೋದರೆ ನಿಂಗಕ್ಕ ಸಿಕ್ಕಿದ್ದು ಬೋರಪ್ಪನ ಹೊಲದಲ್ಲಿ. ಮೂಗಿಗೆ ಸೆರಗು ಬಿಗಿದುಕೊಂಡು, ಔಷಧಿ ಕಲಸುವ ಡ್ರಮ್ಮಿಗೆ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದಳು.

“ನೀನೂ ಇದನ್ನ ಮಾಡ್ತೀಯಾ ನಿಂಗಕ್ಕ?”

“ಮುಯ್ಯಿ ತೀರಿಸ್ದೆ ಇರಾಕಾಗುತ್ತೇನವ್ವ? ಕಷ್ಟದಾಗೆ ಬಂದೋರು. ಅವ್ರ ಹೊಲದಾಗೆ ಈಗಿರೋ ಕೆಲ್ಸ ಇದೇ.” ಕೊಡ ಇಳಿಸಿ ಹತ್ತಿರ ಬಂದಳು. “ಯಜಮಾನ್ರಿಗೆ ಸರ್ಟಿಫಿಕೇಟು ಆತು ಅಂತ ಹೇಳೀನಿ. ಬಾಯಿ ಬಿಡಬ್ಯಾಡ. ಮುಂದಿನ ಬಿತ್ನೆವರೆಗೂ ಅವ್ರು ಇರಾದು ಕಷ್ಟ ಅಂದಾರೆ ಡಾಕ್ಟ್ರು.”

ನನಗೆ ಅಳು ಬಂತು. ಅವಳು ಮತ್ತೆ ಕೊಡ ಎತ್ತಿಕೊಂಡಳು.

ಅವರ ಮನೆಯ ಮುಂದೆಯೇ ನನ್ನ ದಾರಿ. ಅಜ್ಜ ಜಗುಲಿಯಿಂದ ಕೈ ಎತ್ತಿ ಕರೆದ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ.

“ಸರ್ಟಿಫಿಕೇಟು... ಆತಂತಲ್ಲವ್ವ. ತಂದೀಯೇನು?”

ನನ್ನ ಚೀಲದಲ್ಲಿದ್ದದ್ದು ಒಂದೇ ಕಾಗದ, ಅರ್ಜಿ ರದ್ದಾದ ಪತ್ರ. ಇಂಗ್ಲಿಷಿನಲ್ಲಿತ್ತು, ಕೆಳಗೊಂದು ದುಂಡನೆಯ ಸೀಲು. ಅಜ್ಜನಿಗೆ ಕನ್ನಡವೂ ಓದಲು ಬರುವುದಿಲ್ಲ. ತೆಗೆದು ಕೈಗೆ ಕೊಟ್ಟೆ. ಸೀಲಿನ ಮೇಲೆ ಬೆರಳಾಡಿಸಿ, ಕಾಗದವನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

“ದೇವ್ರ ಗೂಡಿನಾಗೆ ಇಡವ್ವ” ಎಂದ.

ನಾನು ಒಳಗೆ ಹೋಗಿ ಇಟ್ಟು ಬಂದೆ.